ಕರೆಂಟು ಸೊರಗಿದಾಗ ಬರುತ್ತಿದ್ದ ದನಿ

ಇವತ್ತು ಮಾಡಿದ ಕೆಲಸ ಇಷ್ಟು. ನಲ್ಲಿ ಬರುವ ಮೊದಲು ಹಂಡೆ ತಿಕ್ಕಿದೆ, ಬಂದ ಮೇಲೆ ತುಂಬಿದೆ. ಹಿಟ್ಟು ಸೋಸಿ ರೊಟ್ಟಿ ಬಡಿದೆ. ಅತ್ತೆಗೆ ನೀರು ಕಾಸಿ ಕೊಟ್ಟು, ಮೊಣಕಾಲಿಗೆ ಎಣ್ಣೆ ತಿಕ್ಕಿದೆ; ಸಂಜೆ ಇಸ್ತ್ರಿ ಪೆಟ್ಟಿಗೆಯ ಮೇಲೆ ಬಟ್ಟೆ ಕಾಯಿಸಿ ಅದೇ ಮೊಣಕಾಲಿಗೆ ಶಾಖ ಕೊಡುವುದು ಬೇರೆ ಇದೆ. ಇವರ ಅಂಗಡಿಗೆ ಬುತ್ತಿ ಕಳಿಸಿದೆ. ಮಾಳಿಗೆಯ ಮೇಲೆ ಬ್ಯಾಡಗಿ ಮೆಣಸಿನಕಾಯಿ ಹರವಿದೆ. ಮಧ್ಯಾಹ್ನ ಮೋಡ ಕಂಡಿತೆಂದು ಓಡಿಹೋಗಿ ಬಳಿದುಕೊಂಡು ಬಂದೆ. ಮೋಡ ಸರಿದುಹೋಯಿತು, ಆದರೆ ಮತ್ತೆ ಮಾಳಿಗೆ ಹತ್ತಿ ಹರವಲಿಲ್ಲ, ಸಾಕಾಗಿತ್ತು. ಕೌದಿಗೆ ಎರಡು ಸಾಲು ಹೊಲಿಗೆ ಹಾಕಿದೆ. ಲೈನ್‌ಮನ್‌ಗಳಿಗೆ ಎರಡು ಸಲ ಚಹಾ ಮಾಡಿ ಕೊಟ್ಟೆ.

ಕಡೆಯದೊಂದು ದಿನನಿತ್ಯದ್ದಲ್ಲ. ನಮ್ಮ ಓಣಿಯ ಮೂಲೆಗೆ ಇವತ್ತು ಹೊಸ ಟಿ.ಸಿ. ಬಂತು. ಟ್ರಾನ್ಸ್‌ಫಾರ್ಮರ್ ಅನ್ನಬೇಕೇನೋ, ಆದರೆ ಓಣಿಯಲ್ಲಿ ಯಾರ ಬಾಯಿಗೂ ಆ ಶಬ್ದ ಒಗ್ಗಿಲ್ಲ. ನಾವಿರುವುದು ರಾಣೆಬೆನ್ನೂರಿನ ಮೇಡ್ಲೇರಿ ರಸ್ತೆಯ ಕಡೆಗೆ. ಇಷ್ಟು ವರ್ಷ ಆ ಕಡೆಯ ಹೊಲಗಳ ಪಂಪ್‌ಸೆಟ್ಟುಗಳೂ ನಮ್ಮ ಮನೆಗಳೂ ಒಂದೇ ತಂತಿಗೆ ಜೋತುಬಿದ್ದಿದ್ದವು. ಸಂಜೆ ಹೊಳೆಯ ದಂಡೆಯಲ್ಲಿ ಪಂಪ್‌ಸೆಟ್ಟು ಶುರುವಾದವೆಂದರೆ ಇಲ್ಲಿ ನಮ್ಮ ಬಲ್ಬು ಕೆಂಡದಂತೆ ಕೆಂಪಗಾಗುತ್ತಿತ್ತು. ಟ್ಯೂಬ್‌ಲೈಟು ಮಿಣುಕಿ ಮಿಣುಕಿ ಸುಮ್ಮನಾಗುತ್ತಿತ್ತು. ಇನ್ನು ಅದೆಲ್ಲ ಇಲ್ಲ.

ಎದುರುಮನೆಯ ಗಂಗವ್ವ ಕಟ್ಟೆಯ ಮೇಲೆ ಕುಳಿತು ಕಂಬದ ಮೇಲಿನ ಕೆಲಸವನ್ನೇ ನೋಡುತ್ತಿದ್ದಳು. "ಇನ್ನ ಮ್ಯಾಲೆ ಆರಾಮ ನೋಡವಾ ಶಾಂತವ್ವಾ. ನಮ್ಮ ಟೀವ್ಯಾಗ ಸಂಜೀಮುಂದ ಎಲ್ಲಾರೂ ಉಪಾಸ ಬಿದ್ದವರಂಗ ಸೊರಗಿ ಕಾಣತಿದ್ರು. ಇವತ್ತಿಂದ ಮೈ ತುಂಬಿಕೊಂಡು ಬರ್ತಾರ" ಅಂದಳು.

ನಾನೂ ನಕ್ಕೆ. ಆದರೆ ಪೂರ್ತಿ ನಗಲಾಗಲಿಲ್ಲ. ಕರೆಂಟು ಸೊರಗಿದಾಗ ಮಾತ್ರ ಬದುಕುವ ವಸ್ತು ನಮ್ಮ ಮನೆಯಲ್ಲಿ ಒಂದಿದೆ, ಅದು ಇವರ ಗಿಟಾರಿನ ದನಿ. ಸಂಜೆ ಇವರು ಅಂಗಡಿಯಿಂದ ಬಂದು, ಕೈಕಾಲು ತೊಳೆದು, ಎಂದಿನಂತೆ ಅರ್ಧ ಗಂಟೆ ಬಾರಿಸಲು ಕೂಡುತ್ತಾರೆ. ಇವತ್ತು ಹಾಗೆ ಕೂತಾಗ ಆ ದನಿ ಬರುವುದಿಲ್ಲ. ಇಡೀ ದಿನದಲ್ಲಿ ಇವರ ಮುಖದ ಗಂಟು ಬಿಚ್ಚುವುದು ಆ ಅರ್ಧ ಗಂಟೆಯಲ್ಲಿ ಮಾತ್ರ. ಬುತ್ತಿಯ ಜೊತೆ ಈ ಸುದ್ದಿಯನ್ನೂ ಹೇಳಿ ಕಳಿಸಲೇ ಎಂದುಕೊಂಡೆ. ಅನ್ನದ ಜೊತೆ ಇಂಥದ್ದನ್ನು ಕಳಿಸಬಾರದು ಅನ್ನಿಸಿ ಸುಮ್ಮನಾದೆ.

ಇದೆಂಥ ವಿಚಿತ್ರ, ಒಳ್ಳೆಯ ಕರೆಂಟಿಗೆ ಕೆಡುವ ವಾದ್ಯ ಎಂದು ನೀವು ಕೇಳಬಹುದು. ಹೇಳುತ್ತೇನೆ. ಕೌದಿ ಹೊಲಿಯುತ್ತ ಹೇಳಿದರೆ ಕೈಯೂ ನಡೆಯುತ್ತದೆ, ಮಾತೂ ನಡೆಯುತ್ತದೆ.

ಇವರದು ಬಸ್‌ಸ್ಟ್ಯಾಂಡಿನ ಹಿಂದೆ ರೇಡಿಯೋ ರಿಪೇರಿ ಅಂಗಡಿ. ನಾನು ಲಗ್ನವಾಗಿ ಈ ಮನೆಗೆ ಬಂದಾಗ ನನ್ನ ಟ್ರಂಕು ಇಡಲು ಕೋಣೆಯಲ್ಲಿ ಜಾಗವಿರಲಿಲ್ಲ. ಮುಚ್ಚಿಹೋದ ಟೆಂಟ್ ಸಿನೆಮಾವೊಂದರಿಂದ ಇವರು ತಂದಿದ್ದ ಆಂಪ್ಲಿಫೈಯರು ಅಲ್ಲಿ ಠಿಕಾಣಿ ಹೂಡಿತ್ತು. ಕಬ್ಬಿಣದ ಡಬ್ಬಿ, ಅದರ ಮೇಲೆ ಸಾಲಾಗಿ ನಿಂತ ಗಾಜಿನ ವಾಲ್ವುಗಳು, ಪಕ್ಕದಲ್ಲಿ ಕಟ್ಟಿಗೆಯ ಪೆಟ್ಟಿಗೆಯೊಳಗೆ ಬುಟ್ಟಿಯಷ್ಟು ದೊಡ್ಡ ಸ್ಪೀಕರು. ಇವರು ಒಳಗಿನ ತಂತಿಗಳನ್ನೆಲ್ಲ ಬದಲಿಸಿ ಅದಕ್ಕೆ ತಮ್ಮ ಗಿಟಾರು ಹಚ್ಚಿಕೊಂಡಿದ್ದರು. ನನ್ನ ಟ್ರಂಕು ಅಡುಗೆಮನೆಗೆ ಹೋಯಿತು. ಇವತ್ತಿಗೂ ಅಲ್ಲೇ ಇದೆ. ಈಗ ಅದರಲ್ಲಿ ಬೇಳೆ ಇಡುತ್ತೇನೆ.

ವಾಲ್ವಿನ ಪೆಟ್ಟಿಗೆ ನನಗೆ ಪೂರ್ತಿ ಹೊಸದಲ್ಲ. ಕಾಗಿನೆಲೆಯ ತವರುಮನೆಯಲ್ಲಿ ಅಪ್ಪನದೊಂದು ವಾಲ್ವ್ ರೇಡಿಯೋ ಇತ್ತು. ಅವ್ವ ಅದಕ್ಕೆ ಗಿಳಿಯ ಕಸೂತಿ ಹಾಕಿದ ಬಟ್ಟೆ ಹೊದಿಸಿದ್ದಳು. ಗುಂಡಿ ತಿರುವಿದ ಕೂಡಲೇ ಅದು ಮಾತಾಡುತ್ತಿರಲಿಲ್ಲ, ಮೊದಲು ಕಾಯಬೇಕು. ಆ ಕಾಯುವ ಹೊತ್ತಿನಲ್ಲಿ ಬೆಚ್ಚಗಾದ ಧೂಳಿನ ಒಂದು ವಾಸನೆ ಬರುತ್ತಿತ್ತು. ನಾವು ಅಕ್ಕ ತಂಗಿ ರೇಡಿಯೋದ ಹಿಂಭಾಗಕ್ಕೆ ಮೂಗು ಹಚ್ಚಿ ಆ ವಾಸನೆ ತೆಗೆದುಕೊಳ್ಳುತ್ತಿದ್ದೆವು. "ಹಿಂದ ಏನ್ ಹುಡುಕತೀರಿ, ಸುದ್ದಿ ಹೇಳಾಂವ ಅಲ್ಲಿ ಕುಂತಿಲ್ಲ" ಅಂತ ಅಪ್ಪ ಬೈಯುತ್ತಿದ್ದ. ಈ ಮನೆಯಲ್ಲಿ ಮೊದಲ ಸಂಜೆ ಇವರು ಆಂಪ್ಲಿಫೈಯರು ಹಚ್ಚಿದಾಗ ಅದೇ ವಾಸನೆ ಬಂತು. ಹೊಸ ಮನೆಯಲ್ಲಿ ನನಗೆ ಗುರುತು ಸಿಕ್ಕಿದ್ದು ಅದೊಂದೇ ಆಗಿತ್ತು.

ಅತ್ತೆಗೆ ಮಾತ್ರ ಅದು ಇನ್ನೊಂದು ಒಲೆ. ಮಳೆಗಾಲದಲ್ಲಿ ಅದರ ಹಿಂದೆ ಹಗ್ಗ ಕಟ್ಟಿ ಕುಪ್ಪಸ ಒಣಗಲು ಹಾಕುತ್ತಿದ್ದರು.

"ಅವ್ವಾ, ಇದರಾಗ ಮುನ್ನೂರು ನಾಲ್ಕುನೂರು ವೋಲ್ಟ್ ಐತಿ, ತಗೀ ಅದನ್ನ!"

"ಇರಲಿ ಬಿಡೋ ಬಸ್ಯಾ, ಕುಪ್ಪಸಕ್ಕ ಅಷ್ಟೆಲ್ಲ ಬೇಕಾಗಂಗಿಲ್ಲ."

ಇವರು ಹುಡುಕುತ್ತಿದ್ದ ದನಿ ಎಂಥದ್ದೆಂದು ನನಗೆ ತಿಳಿಯಲು ಬಹಳ ದಿನ ಹಿಡಿಯಿತು. "ಮೆಲ್ಲಕ ಬಾರಿಸಿದರ ತಿಳಿನೀರಿನಂಗ ಇರಬೇಕು. ಒತ್ತಿ ಬಾರಿಸಿದರ ಒಡೀಬೇಕು. ಒಡದರೂ ಕಿವಿಗೆ ಚುಚ್ಚಬಾರದು" ಅನ್ನುತ್ತಿದ್ದರು. ನಾನು ಒಲೆಯ ಮುಂದೆ ಶೇಂಗಾ ಹುರಿಯುತ್ತಿದ್ದೆ. "ಅಂದ್ರ ಹಿಂಗೇನ್ರಿ? ತುಸು ಮೊದಲು ತಗದರ ಹಸೀ, ತುಸು ತಡಾ ಆದರ ಕರಕಲು?" ಅಂದೆ. ಇವರು ಎದ್ದು ಬಂದು ಬಾಂಡ್ಲೆಯಲ್ಲಿ ಇಣುಕಿ ನೋಡಿ, "ಹೌದ, ಹಿಂಗ" ಅಂದರು. ಅವತ್ತಿನಿಂದ ನಮ್ಮ ಮನೆಯಲ್ಲಿ ಅದು ಹುರಿದ ದನಿ.

ಹುರಿಯುವುದು ಸುಲಭವಿರಲಿಲ್ಲ. ದಪ್ಪ ದನಿಯ ಗುಂಡಿಯನ್ನು ಕೆಳಗಿಳಿಸಬೇಕು, ಇಲ್ಲದಿದ್ದರೆ ಗಂಟುಕಟ್ಟಿದ ಅಂಬಲಿಯಂತೆ ಕೇಳುತ್ತದೆ. ದನಿ ಏರಿಸುವ ದೊಡ್ಡ ಗುಂಡಿಯನ್ನು ಹೆಚ್ಚುಕಡಿಮೆ ಪೂರ್ತಿ ತಿರುವಬೇಕು. ಸಣ್ಣ ದನಿಯಲ್ಲಿ ಇಟ್ಟರೆ ವಾಲ್ವಿಗೆ ಕೆಲಸವೇ ಬೀಳುವುದಿಲ್ಲವಂತೆ.

"ವಾಲ್ವು ದಣೀಬೇಕು ನೋಡು. ದಣಿದ ಮ್ಯಾಲೇ ಅದರ ದನಿ ಚಲೋ."

"ನಾನೂ ದಿನಾ ದಣೀತೀನ್ರೀ. ನನ್ನ ದನಿ ಚಲೋ ಐತಿ ಅಂತ ಯಾರೂ ಅಂದಿಲ್ಲ."

ಪೂರ್ತಿ ತಿರುವಿದರೆ ಓಣಿ ಎದ್ದು ಕೂಡುತ್ತದೆ. ಗಂಗವ್ವ ಒಮ್ಮೆ ಲಟ್ಟಣಿಗೆ ಹಿಡಿದುಕೊಂಡೇ ಬಂದಿದ್ದಳು. ಆಮೇಲೆ ಸ್ಪೀಕರನ್ನು ಗೋಡೆಯ ಕಡೆ ತಿರುಗಿಸಿ, ನಾನು ಹೊಲಿದ ಕೌದಿಯನ್ನು ಅದರ ಮೇಲೆ ಹೊದಿಸುವ ರೂಢಿಯಾಯಿತು. ವಾಲ್ವುಗಳಿಗೆ ಮಾತ್ರ ಕೌದಿ ತಾಗಬಾರದು. ಹಳೆಯ ಸೀರೆಗಳ ಕೌದಿ ಸ್ಪೀಕರಿನ ಹೊಡೆತಕ್ಕೆ ಹೊಲಿಗೆ ಬಿಚ್ಚಿಕೊಳ್ಳುತ್ತದೆ. ಮನೆಯ ಮಂದಿಗೆ ಹೊದೆಯಲು ಹೊಲಿದದ್ದಕ್ಕಿಂತ ಆ ಪೆಟ್ಟಿಗೆಗೆ ಹೊಲಿದದ್ದೇ ಹೆಚ್ಚು. ಈಗ ಕೈಯಲ್ಲಿರುವುದೂ ಅದರದ್ದೇ.

ಇಷ್ಟೆಲ್ಲ ಮಾಡಿ ಸಂಜೆಯ ಹೊತ್ತು ಬಾರಿಸಿದರೆ ದನಿ ಹದವಾಗಿ ಹುರಿದು ಬರುತ್ತಿತ್ತು. ತಮ್ಮ ಕೈಗುಣ ಎಂದು ಇವರು ನಂಬಿದ್ದರು. ನಾನೂ ನಂಬಿದ್ದೆ.

ಹಾವೇರಿಯಲ್ಲಿ ಆಗ ಮೆಹಬೂಬ್ ಮಾಸ್ತರ ಎಂಬವರ ಆರ್ಕೆಸ್ಟ್ರಾ ಇತ್ತು. ಮಾಸ್ತರರು ಅಕಾರ್ಡಿಯನ್ ಬಾರಿಸುತ್ತಿದ್ದರು. ಲಗ್ನ, ಗಣಪತಿ, ರಾಜ್ಯೋತ್ಸವ ಎಲ್ಲಕ್ಕೂ ಅವರೇ ಬೇಕು. ಅವರ ಗಿಟಾರಿನವನು ಕೆಲಸ ಸಿಕ್ಕು ಬೇರೆ ಊರಿಗೆ ಹೋದ. ಆ ಜಾಗ ತಮಗೆ ಸಿಗಬೇಕೆಂದು ಇವರಿಗೆ ಎಷ್ಟು ಆಸೆಯಿತ್ತೆಂದರೆ, ಬಾಯಿಬಿಟ್ಟು ಹೇಳಲೇ ಇಲ್ಲ. ಊಟ ಅರ್ಧಕ್ಕೇ ಬಿಟ್ಟು ಏಳತೊಡಗಿದ್ದರಿಂದ ನನಗೆ ಗೊತ್ತಾಯಿತು. ಆ ಜಾಗ ಸಿಗದಿದ್ದರೆ ಜನ್ಮವಿಡೀ ಮಂದಿಯ ರೇಡಿಯೋ ಬಿಚ್ಚುತ್ತ ಕೂಡಬೇಕು. ಗಿಟಾರು ಮನೆಯ ನಾಲ್ಕು ಗೋಡೆಗಳಿಗೆ.

ಮಾಸ್ತರರು ಬ್ಯಾಡಗಿಯ ಒಂದು ಆರತಕ್ಷತೆಗೆ ಬರಹೇಳಿದರು. ಮೆಣಸಿನಕಾಯಿ ದಲಾಲರ ಮನೆಯ ಮದುವೆ. ಅಕ್ಕನನ್ನು ಕೊಟ್ಟದ್ದು ಬ್ಯಾಡಗಿಗೇ ಆದದ್ದರಿಂದ ನಾನೂ ಹೋಗಿದ್ದೆ. ದೊಡ್ಡ ಮಂದಿ, ದೊಡ್ಡ ಚಪ್ಪರ, ಕರೆಂಟು ಕೈಕೊಟ್ಟೀತೆಂದು ಬಾಡಿಗೆಯ ಜನರೇಟರು. ದೀಪಗಳು ಕಣ್ಣು ಕುಕ್ಕುತ್ತಿದ್ದವು. ಇವರು ಗುಂಡಿಗಳನ್ನು ಮನೆಯಲ್ಲಿ ಇಡುವಂತೆಯೇ ಇಟ್ಟು ತಂತಿ ಮೀಟಿದರು.

ಖಾಲಿ ಎಣ್ಣೆ ಡಬ್ಬಿಗೆ ಕಡ್ಡಿಯಿಂದ ಹೊಡೆದಂತಾಯಿತು. ಇವರು ಇನ್ನಷ್ಟು ತಿರುವಿದರು. ದನಿ ದೊಡ್ಡದಾಯಿತು, ಹುರಿಯಲಿಲ್ಲ. ಮಾಸ್ತರರು ಅಕಾರ್ಡಿಯನ್ ನಿಲ್ಲಿಸಿದರು.

"ಏನಪಾ ಬಸವರಾಜ, ಇದು ಗಿಟಾರೋ ತಗಡೋ? ಕಮ್ಮಿ ಮಾಡು, ಬೀಗರು ಊಟಕ್ಕ ಕುಂತಾರ. ತುತ್ತು ಗಂಟಲದಾಗ ನಿಂತೀತು."

ಕಡೆಕಡೆಗೆ ಇವರು ಎಷ್ಟು ಕಡಿಮೆ ಮಾಡಿದರೆಂದರೆ, ಕೈ ಆಡುವುದು ಕಾಣುತ್ತಿತ್ತು, ಏನೂ ಕೇಳುತ್ತಿರಲಿಲ್ಲ. ಹೊರಡುವಾಗ ಮಾಸ್ತರರು ಹೆಗಲ ಮೇಲೆ ಕೈಯಿಟ್ಟು, "ಮುಂದಿನ ತಿಂಗಳ ಹಾವೇರ್ಯಾಗ ಒಂದು ಪ್ರೋಗ್ರಾಂ ಐತಿ. ಅಲ್ಲಿ ಇನ್ನೊಮ್ಮೆ ನೋಡೂಣು. ಅಲ್ಲೂ ಹಿಂಗಾದರ ನಾ ಬ್ಯಾರೆಯವನ್ನ ನೋಡಬೇಕಾಗತೈತಿ. ಸಿಟ್ಟಾಗಬ್ಯಾಡ" ಅಂದರು. ಬಸ್ಸಿನಲ್ಲಿ, ಅಕ್ಕ ಕಟ್ಟಿಕೊಟ್ಟ ಮೆಣಸಿನಕಾಯಿಯ ಗಂಟು ನನ್ನ ತೊಡೆಯ ಮೇಲಿತ್ತು. ಇವರು ಊರು ಬರುವವರೆಗೂ ಅದನ್ನೇ ದಿಟ್ಟಿಸಿ ನೋಡುತ್ತಿದ್ದರು.

ಮರುದಿನ ಸಂಜೆ ಮನೆಯಲ್ಲಿ ಹಚ್ಚಿದರೆ ಅದೇ ಪೆಟ್ಟಿಗೆ, ಅದೇ ಗುಂಡಿಗಳು, ದನಿ ಹದವಾಗಿ ಹುರಿದು ಬಂತು! ಇವರು ಒಂದು ತೀರ್ಮಾನಕ್ಕೆ ಬಂದರು.

"ಬ್ಯಾಡಗಿ ಗಾಳ್ಯಾಗ ಘಾಟು ಐತಿ. ಸ್ಪೀಕರಿನ ಕಾಗದಕ್ಕ ಮೆಣಸಿನಕಾಯಿ ಧೂಳ ಕುಂತು ಬಿಗದಿತ್ತು. ಇಲ್ಲಿಗೆ ಬಂದಕೂಡ್ಲೆ ಸಡ್ಲಾತು."

"ಬ್ಯಾಡಗಿ ಕಾಯಿಗೆ ಬಣ್ಣ ಐತಿ, ಖಾರ ಎಲ್ಲೈತೋ ಮಗನ?" ಅಂದರು ಅತ್ತೆ.

ಕೇಳಲಿಲ್ಲ. ಸ್ಪೀಕರು ಬಿಚ್ಚಿ ಗಡ್ಡ ಮಾಡುವ ಬ್ರಷ್ಷಿನಿಂದ ಝಾಡಿಸಿದರು. ಖರೇನೇ ಅದರಲ್ಲಿ ಸ್ವಲ್ಪ ಧೂಳು ಇತ್ತು. ನಾವು ಮೂವರೂ ಊಟದವರೆಗೆ ಸೀನಿದೆವು. ಮರುದಿನ ಬೆಳಿಗ್ಗೆ ಗಡ್ಡಕ್ಕೆ ಅದೇ ಬ್ರಷ್ಷು ಹಚ್ಚಿಕೊಂಡು ಇವರು ಬಚ್ಚಲಿನಲ್ಲಿ ಕುಣಿದದ್ದನ್ನು ಅತ್ತೆ ಇನ್ನೂ ಮರೆತಿಲ್ಲ.

ಹಾವೇರಿಯ ದಿನ ಹತ್ತಿರ ಬರುತ್ತಿತ್ತು. ನಡುವೆ ಒಂದು ದಿನ ಮೇಡ್ಲೇರಿಯ ಕಡೆ ಭಾರಿ ಮಳೆಯಾಯಿತು. ಸಂಜೆ ನಾನು ಅಡುಗೆಮನೆಯಲ್ಲಿ ಮಿಕ್ಸರ್ ಹಾಕಿದೆ. ದಿನವೂ ಆ ಹೊತ್ತಿಗೆ ಅದು ಕೆಮ್ಮುವ ಮುದುಕನಂತೆ ಗೊರ ಗೊರ ಅಂದು ನಿಲ್ಲುತ್ತಿತ್ತು. ನಾನು ಬೈದುಕೊಳ್ಳುತ್ತ ಒಳಕಲ್ಲಿಗೆ ಕೂಡುತ್ತಿದ್ದೆ. ಅವತ್ತು ಗಿರ್ರನೆ ತಿರುಗಿತು. ಶೇಂಗಾ ಚಟ್ನಿ ಕ್ಷಣದಲ್ಲಿ ಪುಡಿ. ಸಂತೋಷ ತಡೆಯದೆ ಕೋಣೆಗೆ ಹೋದೆ. ಇವರು ಗಿಟಾರನ್ನು ತೊಡೆಯ ಮೇಲೆ ಮಲಗಿಸಿ ತಲೆ ಹಿಡಿದು ಕೂತಿದ್ದರು. ಮನೆಯಲ್ಲೇ ತಗಡಿನ ದನಿ ಬಂದಿತ್ತು.

"ಕರೆಂಟು ಭಾಳ ಚಲೋ ಐತ್ರಿ ಇವತ್ತ. ಮಿಕ್ಸರ್ ಹೆಂಗ ತಿರಗತು ಅಂತೀರಿ! ಮಳಿ ಆತಲ್ಲ, ಮೇಡ್ಲೇರ್ಯಾಗ ಪಂಪ್‌ಸೆಟ್ ಹಚ್ಚಿಲ್ಲ ಕಾಣತೈತಿ" ಅಂದೆ.

ಇವರು ನನ್ನನ್ನು ನೋಡಿದರು. ಆಮೇಲೆ ತಲೆಯ ಮೇಲಿನ ಬಲ್ಬನ್ನು ನೋಡಿದರು. ಅದು ಬೆಳ್ಳಗೆ ಉರಿಯುತ್ತಿತ್ತು. ಎದ್ದು ಹೋಗಿ ಕರೆಂಟು ಅಳೆಯುವ ಮೀಟರು ತಂದು ಪ್ಲಗ್ಗಿಗೆ ಹಿಡಿದರು. ಮರುದಿನ, ಅದರ ಮರುದಿನವೂ ಹಿಡಿದರು. ಮಳೆ ಬಿಟ್ಟು ಪಂಪ್‌ಸೆಟ್ಟು ಶುರುವಾದ ಸಂಜೆ ಮೀಟರಿನ ಮುಳ್ಳು ಕೆಳಗಿಳಿಯಿತು, ಬಲ್ಬು ಕೆಂಪಾಯಿತು, ಮಿಕ್ಸರ್ ನಿಂತಿತು, ಗಿಟಾರು ಹುರಿಯಿತು. ಹೊಟ್ಟೆಗೆ ಅರೆಬರೆ ಸಿಕ್ಕಾಗಲೇ ಆ ವಾಲ್ವುಗಳು ದಣಿಯುತ್ತಿದ್ದವು. ಹೊಟ್ಟೆ ತುಂಬ ಕೊಟ್ಟರೆ ಎಷ್ಟು ದುಡಿಸಿದರೂ ಬೆವರುತ್ತಿರಲಿಲ್ಲ.

"ಇಷ್ಟ ದಿನ ಬಾರಿಸಿದ್ದು ನಾ ಅಲ್ಲ ಬಿಡು, ಮೇಡ್ಲೇರಿ ರೈತರು" ಅಂದು ಇವರು ನಕ್ಕರು. ಮುಖ ಮಾತ್ರ ನಗುತ್ತಿರಲಿಲ್ಲ.

ಹಾವೇರಿಗೆ ಪಂಪ್‌ಸೆಟ್ಟು ಹೊತ್ತುಕೊಂಡು ಹೋಗಲಾಗುವುದಿಲ್ಲ. ಆದರೆ ರಿಪೇರಿ ಅಂಗಡಿಗಳಲ್ಲಿ ಒಂದು ಹಲಗೆ ಇರುತ್ತದೆ. ಕೆಟ್ಟ ರೇಡಿಯೋಗೆ ಕರೆಂಟನ್ನು ನೇರವಾಗಿ ಕೊಡದೆ ಬಲ್ಬಿನ ಮೂಲಕ ಹಾಯಿಸಿ ಕೊಡುತ್ತಾರೆ. ಬಲ್ಬು ತನ್ನ ಪಾಲು ತಿಂದು ಉಳಿದದ್ದನ್ನು ಮುಂದೆ ಬಿಡುತ್ತದೆ. ಇವರು ಅಂಥದೇ ಹಲಗೆಗೆ ಇನ್ನೂರು ವ್ಯಾಟಿನ ಎರಡು ಬಲ್ಬು ಜೋಡಿಸಿ, ಅದರ ಮೂಲಕ ಆಂಪ್ಲಿಫೈಯರು ಹಚ್ಚಿದರು. ಹಾವೇರಿಯ ವೇದಿಕೆಯ ಮೇಲೆ ಮಾಸ್ತರರು ಅದನ್ನು ನೋಡಿ ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಇದೇನಪಾ? ಗಿಟಾರ್ ಬಾರಿಸಾಕ ಬಂದೀಯೋ, ಕೋಳಿಮರಿಗೆ ಕಾವು ಕೊಡಾಕ ಬಂದೀಯೋ?"

"ಒಂದು ಹಾಡು ಆಗಲ್ರಿ ಮಾಸ್ತರ. ಆಮ್ಯಾಲೆ ಬೇಕಾದ್ದು ಅನ್ರಿ."

ನಾನು ಹೆಂಗಸರ ಕಡೆ ಮೂರನೆಯ ಸಾಲಿನಲ್ಲಿ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ಕೂತಿದ್ದೆ. ಹಾಡು ಶುರುವಾಯಿತು. ಇವರ ಪಾಳಿ ಬಂದಾಗ ಒತ್ತಿ ಮೀಟಿದರು. ಮಂಕಾಗಿದ್ದ ಎರಡೂ ಬಲ್ಬು ಉಸಿರು ಎಳೆದುಕೊಂಡಂತೆ ಕೆಂಪಗೆ ಎದ್ದವು, ಮೀಟಿದ್ದು ಆರುತ್ತ ಬಂದಂತೆ ತಾವೂ ಆರಿದವು. ಮತ್ತೆ ಮೀಟಿದರು, ಮತ್ತೆ ಎದ್ದವು. ಜನ ಹಾಡುವವಳನ್ನು ಬಿಟ್ಟು ಬಲ್ಬು ನೋಡತೊಡಗಿದರು. ನಾನು ಕಣ್ಣು ಮುಚ್ಚಿದೆ. ಶೇಂಗಾದ ಸಿಪ್ಪೆ ಬಿರಿಯುವ ಆ ಹದ, ನಮ್ಮ ಕೋಣೆಯ ದನಿ, ಹಾವೇರಿಗೆ ಬಂದಿತ್ತು.

ಮಾಸ್ತರರು ಇವರ ಹತ್ತಿರ ಬಂದು ಹೇಳಿದ್ದನ್ನು ಇವರು ಎಷ್ಟು ಸಲ ಹೇಳಿದ್ದಾರೆಂದರೆ ನಾನೇ ಕೇಳಿದಂತಾಗಿದೆ: "ಹಾವೇರಿ ಕರೆಂಟಿಗೂ ರಾಣೆಬೆನ್ನೂರಿನ ಜಡ್ಡು ಹಚ್ಚೀದಿ ನೋಡು. ಇರಲಿ, ಇನ್ನ ಮ್ಯಾಲೆ ನಮ್ಮ ಸಂಗಾಟ ಬಾ. ಕೋಳಿಮರಿಗೋಳ್ನೂ ತಗೊಂಡ್ ಬಾ."

ಮುಂದೆ ಕೆಲವು ವರ್ಷ ಆ ಬಲ್ಬುಗಳು ನನಗಿಂತ ಹೆಚ್ಚು ಊರು ನೋಡಿದವು. ಆಮೇಲೆ ಕೀಬೋರ್ಡ್ ಎಂಬುದು ಬಂತು. ಒಂದೇ ಹಲಗೆಯಲ್ಲಿ ಗಿಟಾರು, ಕೊಳಲು, ತಬಲಾ ಎಲ್ಲ. ಮಾಸ್ತರರಿಗೂ ವಯಸ್ಸಾಗಿ ಅಕಾರ್ಡಿಯನ್ ಭಾರವಾಯಿತು. ಇವರು ಮತ್ತೆ ಅಂಗಡಿ ಮತ್ತು ಮನೆ. ಬಲ್ಬುಗಳು ಅಟ್ಟ ಸೇರಿದವು; ಮನೆಯಲ್ಲಿ ಬಾರಿಸಲು ಮೇಡ್ಲೇರಿಯವರು ಇದ್ದರಲ್ಲ. ಹಗಲೆಲ್ಲ ಬಗ್ಗಿ ಕೂತು ಕುತ್ತಿಗೆ ಹಿಡಿದುಹೋಗಿದೆ, ಕಣ್ಣು ಸೋತಿವೆ, ಬರುವ ರೇಡಿಯೋಗಳೂ ಕಡಿಮೆಯಾಗಿವೆ. ಉಳಿದದ್ದು ಆ ಅರ್ಧ ಗಂಟೆ.

ಇಷ್ಟು ಹೇಳುವಷ್ಟರಲ್ಲಿ ಸಂಜೆಯಾಯಿತು, ಇವರು ಬಂದರು. ಸ್ವಿಚ್ಚು ಹಾಕಿದ ಕೂಡಲೇ ಟ್ಯೂಬ್‌ಲೈಟು ಹತ್ತಿಕೊಂಡಿತು. ಒಂದು ಕ್ಷಣ ಅದನ್ನು ನೋಡಿದರು.

"ಟಿ.ಸಿ. ಬಂತೇನು?"

"ಬಂತ್ರಿ."

"ಚಲೋ ಆತು" ಅಂದರು. ಕೌದಿ ಸರಿಪಡಿಸಿ ಆಂಪ್ಲಿಫೈಯರು ಹಚ್ಚಿದರು. ಬೆಚ್ಚಗಾದ ಧೂಳಿನ ವಾಸನೆ ಬಂತು. ಬಾರಿಸಿದರು. ನಾನು ಚಹಾದ ಪಾತ್ರೆಯನ್ನೇ ನೋಡುತ್ತ ನಿಂತೆ. ಹೊರಗಿನ ಮಂಚದಿಂದ ಅತ್ತೆ ಕೂಗಿದರು.

"ಶಾಂತಾ, ಯಾರವಾ ಅದು ಬಾರಿಸಾಕತ್ತಿದ್ದು? ಬಸ್ಯಾ ಇನ್ನ ಬಂದಿಲ್ಲೇನು?"

ಇವರು ಅಂಗೈಯಿಂದ ತಂತಿ ಮುಚ್ಚಿದರು. ನಾನು ಕುರ್ಚಿ ಹಾಕಿಕೊಂಡು ಅಟ್ಟದಿಂದ ಬಲ್ಬಿನ ಹಲಗೆ ಇಳಿಸಿಕೊಟ್ಟೆ. ಒಂದು ಬಲ್ಬು ಒಡೆದಿತ್ತು. ಉಳಿದ ಒಂದನ್ನೇ ಹಚ್ಚಿದರು. ಒಂದೇ ಬಲ್ಬಿನಿಂದ ಹಾಯುವ ಕರೆಂಟು ಆಂಪ್ಲಿಫೈಯರಿಗೆ ಸಾಲಲಿಲ್ಲ. ಬಾಯಿತುಂಬ ಎಲೆಯಡಿಕೆ ಇಟ್ಟುಕೊಂಡು ಮಾತಾಡಿದಂತೆ ತೊದಲಿ ನಿಂತಿತು.

"ಸಾಕು ಬಿಡು. ಇನ್ನ ಯಾರಿಗೆ ಬೇಕಾಗೈತಿ ಇದು" ಅಂದು ಗಿಟಾರನ್ನು ಗೋಡೆಗೆ ಒರಗಿಸಿದರು. ಇವರ ಮುಖ ಗೋಡೆಯ ಕಡೆಗೇ ಇತ್ತು.

ಅತ್ತೆಯ ಶಾಖದ ಹೊತ್ತಾಗಿತ್ತು. ಹಳೆಯ ಭಾರದ ಇಸ್ತ್ರಿ ಪೆಟ್ಟಿಗೆ ತಂದು ಪ್ಲಗ್ಗಿಗೆ ಬಗ್ಗಿದೆ.

"ತಡಿ. ಅದನ್ನ ಕೊಡಿಲ್ಲಿ."

"ಅತ್ತಿ ಕಾಲಿಗ್ರಿ ಇದು."

"ಅವ್ವನ ಕಾಲೂ ಕಾಯತೈತಿ. ಕೊಡು."

ಒಡೆದ ಬಲ್ಬಿನ ಜಾಗಕ್ಕೆ ಇಸ್ತ್ರಿ ಪೆಟ್ಟಿಗೆಯ ತಂತಿ ಸೇರಿಸಿದರು; ಬಲ್ಬಿನಂತೆ ಅದೂ ತನ್ನ ಪಾಲು ತಿಂದು ಉಳಿದದ್ದನ್ನು ಬಿಡುತ್ತದೆ. ಕಾದರು. ಮೀಟಿದರು. ಉಳಿದ ಒಂದು ಬಲ್ಬು ಕೆಂಪಗೆ ಎದ್ದಿತು, ನಿಧಾನವಾಗಿ ಆರಿತು. ನಾನು ಒಲೆ ಆರಿಸಿ ಹೊಸ್ತಿಲಲ್ಲಿ ಕೂತುಬಿಟ್ಟೆ. ಇಸ್ತ್ರಿ ಪೆಟ್ಟಿಗೆ ನಿಧಾನಕ್ಕೆ ಕೈಗೆ ಹಿತವಾಗುವಷ್ಟು ಬೆಚ್ಚಗಾಯಿತು, ಅದಕ್ಕಿಂತ ಹೆಚ್ಚಾಗಲಿಲ್ಲ. ಬಟ್ಟೆ ಮಡಿಸಿ ಅದರ ಮೇಲಿಟ್ಟು, ತೆಗೆದು, ಅತ್ತೆಯ ಮೊಣಕಾಲಿಗೆ ಒತ್ತಿದೆ.

"ಇವತ್ತ ಹದ ಐತಿ ನೋಡವಾ. ದಿನಾ ಸುಡತಿದ್ದಿ" ಅಂದರು. ಕೋಣೆಯ ಕಡೆ ಕಿವಿಗೊಟ್ಟು, "ಈಗ ಬಂದ ನೋಡು ಬಸ್ಯಾ" ಅಂದರು.

ಊಟಕ್ಕೆ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಮಜ್ಜಿಗೆ. ಅತ್ತೆ ಹಾಲಿನಲ್ಲಿ ಅರ್ಧ ರೊಟ್ಟಿ ನೆನೆಸಿ ತಿಂದರು. ಇವರು ಪೂರ್ತಿ ಊಟ ಮಾಡಿದರು, ಇನ್ನೊಂದು ರೊಟ್ಟಿ ಕೇಳಿದರು. ಮೊದಲು ಅತ್ತೆ ಮಲಗಿದರು, ಬಟ್ಟೆ ಮೊಣಕಾಲಿನ ಮೇಲೇ ಇತ್ತು. ಆಮೇಲೆ ಇವರು. ನಾನು ಹೊಸ ಕೌದಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೇನೆ. ವಾಲ್ವುಗಳ ಬಿಸಿ ಆರುವವರೆಗೆ ಇದನ್ನು ಪೆಟ್ಟಿಗೆಗೆ ಹೊದಿಸುವಂತಿಲ್ಲ.